ಕಂಬದೊಳಗೆ ಕಳಚಿದ ತಂತಿ

ಅಳಿಯನಿಗೆ ಬಾರದ ಕೆಲಸವೇ ಇಲ್ಲ. ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ. ಮನೆಗಳಿಗೆ ವೈರಿಂಗ್ ಮಾಡುವವನಿಗೆ ಮಾವನ ಹಾಯಿದೋಣಿಯ ರೇಡಿಯೋ ತಂತಿ ಬದಲಿಸುವುದು ಯಾವ ಮಹಾ ಕೆಲಸ! ಮಾವ ಮರುದಿನ ಒಬ್ಬರೇ ಕಡಲಿಗೆ ಹೊರಡುವವರಿದ್ದರು, ಕಾಯಿಲೆಯಿಂದ ಎದ್ದ ಮೇಲೆ ಇದೇ ಮೊದಲ ಸಲ. ಕೈ ನಡುಕ ಪೂರ್ತಿ ನಿಂತಿದೆ ಎಂದು ಡಾಕ್ಟರು ಹೇಳಿದ್ದರೂ ಅವರಿಗೆ ಒಳಗೊಳಗೇ ಅಳುಕಿತ್ತು.

ಅಳಿಯನನ್ನು ಹಗ್ಗಕ್ಕೆ ತೂಗುಬಿಟ್ಟ ಪಟ್ಟಿಯ ಕುರ್ಚಿಯಲ್ಲಿ ಕೂರಿಸಿ, ರಾಟೆ ತಿರುಗಿಸಿ, ಮಾವನೇ ಹಾಯಿಕಂಬದ ತುದಿಗೆ ಏರಿಸಿ ಹಗ್ಗ ಬಿಗಿದರು. ಹಳೆಯ ತಂತಿ ಟೊಳ್ಳು ಕಂಬದೊಳಗೆ ತುದಿಯಿಂದ ಬುಡದವರೆಗೆ ಇಳಿದಿತ್ತು. ಅದರ ಮೇಲ್ತುದಿಗೆ ಹೊಸದನ್ನು ಜೋಡಿಸಿದರೆ ಸಾಕು; ಮಾವ ಕೆಳಗಿನಿಂದ ಹಳೆಯದನ್ನು ಎಳೆದಂತೆ ಹೊಸದು ಬೆನ್ನ ಹಿಂದೆಯೇ ಇಳಿದು ಬರುತ್ತದೆ.

"ಬರೀ ಟೇಪ್ ಸಾಲಲ್ಲ, ಹುರಿನೂ ಕಟ್ಟು!" ಮಾವ ಕೂಗಿದರು.

"ಕಟ್ಟಿದೀನಿ, ನೀವು ಎಳೀರಿ!"

ಕಟ್ಟಿರಲಿಲ್ಲ. ಇಷ್ಟಕ್ಕೆಲ್ಲ ಹುರಿ ಕಟ್ಟುತ್ತಾ ಕೂತರೆ ಅವನ ಜಾಣತನಕ್ಕೆ ಏನು ಬೆಲೆ?

ಅರ್ಧ ದಾರಿಯಲ್ಲಿ ಹೊಸ ತಂತಿ ನಿಂತುಬಿಟ್ಟಿತು. ಹಳೆಯದೊಂದೇ ಮಾವನ ಕೈಗೆ ಬಂತು.

"ಯಾಕೆ ಮಾವ ಹಂಗೆ ಜಗ್ಗಿದ್ರಿ? ಕೈ ಹಿಡಿತದಲ್ಲಿ ಇಲ್ಲ ಅಂದ್ರೆ ಮೊದಲೇ ಹೇಳ್ಬಾರ್ದಾ!"

ಮಾವ ಕೈಗಳನ್ನು ಹಿಂದೆಮುಂದೆ ತಿರುಗಿಸಿ ನೋಡಿಕೊಂಡರು.

"ಮೆಲ್ಲಗೇ ಎಳೆದೆ ಅಂದ್ಕೊಂಡಿದ್ದೆ ಕಣಪ್ಪ. ಹೋಗ್ಲಿ, ದಡದಲ್ಲೇ ಗೊತ್ತಾಯ್ತಲ್ಲ. ನಾಳೆ ಹೋಗೋದು ಬೇಡ. ದೋಣಿ ಮಾರಿಬಿಡೋಣ."

ಅವರು ಹಗ್ಗ ಸಡಿಲಿಸಿ ಅಳಿಯನನ್ನು ಇಳಿಸತೊಡಗಿದರು. ಒಂದು ಕುಲುಕಿಲ್ಲ, ಎಳೆದಾಟವಿಲ್ಲ. ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಇಳಿಸುವಷ್ಟು ನಾಜೂಕಾಗಿ ಬಿಡುತ್ತಾ ಬಂದರು. ಯಾವ ಕೈಗಳ ಮೇಲೆ ತಪ್ಪು ಹೊರಿಸಿದ್ದನೋ ಅದೇ ಕೈಗಳನ್ನು ನಂಬಿ ನೇತಾಡುತ್ತಿದ್ದ ಅಳಿಯ ನಾಚಿಕೆಯಿಂದ ಹಿಡಿಯಾದ. ಬೇರೆಯವರು ಅವಮಾನ ಮಾಡಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು. ಇಲ್ಲಿ ಯಾರ ಜೊತೆ ಜಗಳವಾಡುವುದು?

ಕಾಲು ದೋಣಿಯ ಹಲಗೆಗೆ ತಾಗಿದರೂ ಪಟ್ಟಿ ಬಿಚ್ಚಿಕೊಳ್ಳದೆ ಹಾಗೇ ನಿಂತ.

"ಮಾವ, ನಿಮ್ಮ ತಪ್ಪಲ್ಲ. ನಾನು ಹುರಿ ಕಟ್ಟೇ ಇರಲಿಲ್ಲ. ಸುಳ್ಳು ಹೇಳ್ದೆ. ಬರೀ ಟೇಪು, ಅದು ಬಿಟ್ಕೊಂಡಿದೆ ಅಷ್ಟೇ."

ಮಾವ ಬೈದಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಅವರು ಸಿಟ್ಟಾಗುವುದನ್ನೇ ಮರೆತಿದ್ದರು. ಮುಖ ಅರಳಿಹೋಗಿತ್ತು.

"ಹಂಗಾದ್ರೆ ನನ್ನ ಕೈ ಚೆನ್ನಾಗೇ ಇದ್ಯಾ? ನಿಜ ಹೇಳು!"

ಅಳಿಯ ತಲೆ ಎತ್ತದೆ ಹೂಂ ಎಂದ.