ಹಳ್ಳದಲ್ಲಿ ತೊಳೆದ ಪಂಪು

ನನ್ನನ್ನ ಎಲ್ಲರೂ ಔಷಧಿ ಹೊಡೆಯೋನು ಅಂತಲೇ ಕರೆಯೋದು. ಕಾಡಿನ ಅಂಚಿನ ತೋಟದಲ್ಲಿ ಕಳೆಗೆ ಔಷಧಿ ಹೊಡೀತೀನಿ. ಶನಿವಾರ ಬಂತು ಅಂದ್ರೆ ಮೇಸ್ತ್ರಿ ಎಲ್ಲರ ಪಂಪನ್ನೂ ಸಾಲಾಗಿ ಇಡಿಸಿ, ಮುಚ್ಚಳ ತೆಗೆದು ಮೂಸಿ ನೋಡ್ತಾನೆ. ಘಾಟು ಬಂದ್ರೆ ನಾಲ್ಕು ಜನರ ಮುಂದೆ ಮಂಗಳಾರತಿ. ನನ್ನ ಪಂಪು ಮಾತ್ರ ಯಾವಾಗಲೂ ಫಳಫಳ. ಮನೆ ಹಿಂದಿನ ಹಳ್ಳದಲ್ಲಿ ಮುಳುಗಿಸಿ ಮೂರು ಸಲ ತೊಳೀತಿದ್ದೆನಲ್ಲ! ಅದಕ್ಕೊಂದು ಜಂಬ ಬೇರೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ರೀ, ಮಳೆ ಹಿಡಿದು ಹದಿನೈದು ದಿನ ಆಯ್ತು. ಮರಗಪ್ಪೆ ಒಂದೂ ಕೂಗ್ತಿಲ್ಲ" ಅಂದಳು ಹೆಂಡತಿ.

"ಒಳ್ಳೇದೇ ಆಯ್ತು ಬಿಡು, ನೆಮ್ಮದಿಯಾಗಿ ಮಲಗು" ಅಂದೆ. ಅವಳಿಗೆ ಆಗ ಐದು ತಿಂಗಳು. ಮೂರು ಸಲ ಕಳಕೊಂಡ ಮೇಲೆ ನಿಂತ ಬಸಿರು.

ಅವಳನ್ನ ನೋಡೋಕೆ ಅಕ್ಕ ಬಂದಳು. ನನ್ನ ಒಡಹುಟ್ಟಿದವಳು, ಆರೋಗ್ಯ ಕೇಂದ್ರದಲ್ಲಿ ನರ್ಸು. ಹೆಂಡತಿ ಅವಳನ್ನ ಹಳ್ಳದ ಹತ್ತಿರ ಕರ್ಕೊಂಡು ಹೋದಳು. ನೀರಿನ ಮೇಲೆ ಬಾಗಿದ ಒಂದು ಎಲೆ. ಅದರ ಅಡಿಯಲ್ಲಿ ಗಂಜಿ ತಿಳಿಯಂಥ ಮೊಟ್ಟೆಗಳ ಮುದ್ದೆ. ಪಕ್ಕದಲ್ಲೇ ಹೆಬ್ಬೆರಳಿನ ಉಗುರಿನಷ್ಟು ಹಸಿರು ಕಪ್ಪೆ, ಕಾವಲು ಕೂತಿದೆ.

"ಅದು ಅಪ್ಪ" ಅಂದಳು ಹೆಂಡತಿ. "ಹೋದ ವರ್ಷ ಎಲೆಎಲೆಗೂ ಇದ್ವು ಅತ್ತಿಗೆ. ಈಗ ಇದೊಂದೇ."

ಅಕ್ಕ ನನ್ನ ಕಡೆ ತಿರುಗಿದಳು. "ಪಂಪು ಎಲ್ಲಿ ತೊಳೀತೀಯೋ?"

"ಇಲ್ಲೇ."

"ಕುಡಿಯೋ ನೀರು?"

"ಅದೂ ಇಲ್ಲೇ. ಹರಿಯೋ ನೀರಲ್ವೇನೇ ಅಕ್ಕ? ಒಂದು ಪಂಪು ತೊಳೆದ್ರೆ ಏನಾಗುತ್ತೆ?"

"ಹಳ್ಳದ ಮೇಲ್ಗಡೆಯ ಹನ್ನೆರಡು ಮನೆಯವರೂ ಹಾಗೇ ಅಂದ್ಕೊಂಡು ತೊಳೀತಿದ್ದಾರೆ. ಕಪ್ಪೆ ಬಾಯಿಂದ ನೀರು ಕುಡಿಯಲ್ಲ ಕಣೋ, ಚರ್ಮದಿಂದ ಹೀರುತ್ತೆ. ನೀರಲ್ಲಿ ವಿಷ ಇದ್ರೆ ಮೊದಲು ತಟ್ಟೋದು ಅದಕ್ಕೆ. ಆಮೇಲೆ ನಮಗೆ. ಇವಳ ಹೊಟ್ಟೇಲಿರೋದನ್ನ ನೆನೆಸ್ಕೋ."

"ಸರಿ ಮಹಾತಾಯಿ, ಸೋಮವಾರದಿಂದ ಬಿಡ್ತೀನಿ. ನಾಳೆ ಶನಿವಾರ, ಮೇಸ್ತ್ರಿ ಮುಂದೆ ಮರ್ಯಾದೆ ಹೋಗುತ್ತೆ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ಅವಳ ಮಾತು.

ಶನಿವಾರ ಬೆಳಗ್ಗೆ ತೊಳೆದೆ. ಮೇಸ್ತ್ರಿ ಮೂಸಿ, ಭೇಷ್ ಅಂದ. ಮಧ್ಯಾಹ್ನ ಮನೆಗೆ ಬಂದ್ರೆ ಹೆಂಡತಿ ಹಳ್ಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಬೆಳಗ್ಗೆಯಿಂದ ಮೊಟ್ಟೆ ಒಡೀತಿದ್ವಂತೆ. ಗೊದಮೊಟ್ಟೆಗಳು ಎಲೆಯಿಂದ ನುಲಿದು ನುಲಿದು ಒಂದೊಂದಾಗಿ ನೀರಿಗೆ ಬೀಳ್ತಿದ್ವು. ಆಗಲೇ ಬಿದ್ದಿದ್ದವೆಲ್ಲ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲ್ತಿದ್ವು. ಕಡೆಗೆ ಉಳಿದ ಎರಡನ್ನ ಬೀಳೋಕೆ ಮುಂಚೆ ತಂಬಿಗೆಯಲ್ಲಿ ಹಿಡಿದೆ. ತಂಬಿಗೆಯಲ್ಲಿದ್ದದ್ದೂ ಅದೇ ಹಳ್ಳದ ನೀರು. ಸಂಜೆಗೆ ಅವೂ ಅಲುಗಾಡಲಿಲ್ಲ. ಅಪ್ಪ ಕಪ್ಪೆ ಬರೀ ಎಲೆ ಕಾಯ್ತಾ ಕೂತೇ ಇತ್ತು.

ಹೆಂಡತಿ ಅಳಲಿಲ್ಲ. ಒಳಗೆ ಹೋಗಿ ಕುಡಿಯೋ ನೀರಿನ ಕೊಡ ತಂದು ಅಂಗಳಕ್ಕೆ ಸುರಿದಳು. "ಐದು ತಿಂಗಳು ಇದನ್ನೇ ಕುಡಿದಿದ್ದೀನಿ" ಅಂದಳು.

ಅಕ್ಕನ ಹತ್ತಿರ ಓಡಿದೆ. "ಮಗುಗೆ ಏನಾಗುತ್ತೆ ಅಕ್ಕ?"

"ಗೊತ್ತಿಲ್ಲಪ್ಪ. ಡಾಕ್ಟರಿಗೆ ತೋರಿಸೋಣ. ಸುಳ್ಳು ಧೈರ್ಯ ನಾನು ಹೇಳಲ್ಲ."

ಈಗ ಗುಡ್ಡ ಹತ್ತಿ ದೂರದ ನಲ್ಲಿಯಿಂದ ನೀರು ಹೊತ್ತು ತರ್ತೀನಿ. ಮೇಲಿನ ಹನ್ನೆರಡು ಮನೆಗೂ ಹೋಗಿ, ಹಳ್ಳದಲ್ಲಿ ಪಂಪು ತೊಳೀಬೇಡಿ ಅಂತ ಕೈ ಮುಗಿದೆ. ಏಳು ಮನೆಯವರು ಒಪ್ಪಿದ್ದಾರೆ, ಮಿಕ್ಕವರು ನಗ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನೋದು ನನ್ನಂಥವನಿಗೇ. ಡಾಕ್ಟರು ನೋಡಿ, ಹುಟ್ಟೋವರೆಗೂ ಏನೂ ಹೇಳೋಕಾಗಲ್ಲ ಅಂದಿದ್ದಾರೆ. ಹೆರಿಗೆಗೆ ಇನ್ನೂ ಎರಡು ತಿಂಗಳಿದೆ. ಅವಳು ಹೊಟ್ಟೆ ಮೇಲೆ ಕೈ ಇಟ್ಟು ಮಗು ಒದೆಯೋದನ್ನೇ ಕಾಯ್ತಾಳೆ. ಒದ್ದಾಗಲೂ ನಗಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಔಷಧಿ ಪಂಪನ್ನ ಹಳ್ಳ, ಕೆರೆ, ಬಾವಿ ಹತ್ತಿರ ತೊಳೀಬೇಡಿ. ತೋಟದಲ್ಲೇ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನ ಔಷಧಿ ಹೊಡೆದ ಜಾಗಕ್ಕೇ ಹೊಡೀರಿ. ಖಾಲಿ ಡಬ್ಬ ನೀರಿಗೆ ಎಸೀಬೇಡಿ. ನಿಮ್ಮ ಹಳ್ಳದಲ್ಲಿ ಕಪ್ಪೆ ದನಿ ಕಡಿಮೆಯಾಗಿದ್ರೆ ಇವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಿ. ಈ ಕಥೆ ಕೇಳ್ತಿರೋವಾಗ ಪಂಪು ನಿಮ್ಮ ಹೆಗಲ ಮೇಲಿದ್ರೆ, ದಯವಿಟ್ಟು ನೀರಿನ ಕಡೆ ಇಳೀಬೇಡಿ. ತೋಟಕ್ಕೆ ವಾಪಸ್ ಹೋಗಿ.