ಗ್ರಂಥಿ ಊದಿದೆ ಅಂದರೆ ಹರಡಿದೆ ಅಂತಲ್ಲ

ಮಂಡ್ಯದಿಂದ ಹೊಟ್ಟೆಯ ಸ್ಕ್ಯಾನಿನ ರಿಪೋರ್ಟು ತಂದ ದಿನದಿಂದ ಪುಟ್ಟಸ್ವಾಮಿ ಊಟ ಬಿಟ್ಟ, ಗದ್ದೆ ಕಡೆ ಹೋಗುವುದನ್ನು ಬಿಟ್ಟ. ಮಗಳಿಗೆ ಗಂಡು ಹುಡುಕುವುದೊಂದೇ ಕೆಲಸ ಹಿಡಿದ.

ಜಠರದ ಗೋಡೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆ, ಸುತ್ತಲಿನ ದುಗ್ಧರಸ ಗ್ರಂಥಿಗಳೂ (ಲಿಂಫ್ ನೋಡ್) ಊದಿವೆ. ರಿಪೋರ್ಟಿನಲ್ಲಿದ್ದದ್ದು ಅಷ್ಟೇ. ಗಡ್ಡೆ ತೆಗೆದು ಪರೀಕ್ಷೆಗೆ ಕಳಿಸೋಣ, ಆಮೇಲೆ ಹೇಳುತ್ತೇನೆ ಎಂದಿದ್ದರು ಡಾಕ್ಟರು. ಆದರೆ ಅಣ್ಣ ಚಿಕ್ಕಬೋರಯ್ಯ ಜಗಲಿಯ ಮೇಲೆ ಕೂತೇ ತೀರ್ಪು ಕೊಟ್ಟಿದ್ದ: "ಗ್ರಂಥಿಗೆ ಬಂದದೆ ಅಂದ್ರೆ ಕ್ಯಾನ್ಸರು ಅರಡ್ಬುಟ್ಟದೆ ಅಂತ್ಲೇ ಕಣ್ಲಾ. ಕತ್ರಿ ಮುಟ್ಟುಸ್ಬೇಡ, ಇನ್ನೂ ಬಿರ‍್ರನೆ ಅಬ್ತದೆ."

ಹೆಂಡತಿ ದೇವಿರಮ್ಮನಿಗೆ ರೋಸಿಹೋಗಿತ್ತು. ಎರಡು ತಿಂಗಳು ಮಲ ಕಪ್ಪಗೆ ಹೋಗುತ್ತಿದ್ದರೂ ಗಂಡ ಬಾಯಿ ಬಿಟ್ಟಿರಲಿಲ್ಲ. ಈಗ ಆಪರೇಷನ್ನೂ ಬೇಡವಂತೆ. ಭಾರತೀನಗರದ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿರುವ ಮಗಳು ದೀಪಿಕಳ ಮದುವೆ ಮಾತ್ರ ತಿಂಗಳೊಳಗೆ ಆಗಬೇಕಂತೆ. ನಾಳೆಯೇ ದುದ್ದದಿಂದ ಗಂಡಿನ ಕಡೆಯವರು ಬರುವವರಿದ್ದರು.

"ಎಕ್ಸಾಮ್‌ಗೆ ಇನ್ನೊಂದೇ ತಿಂಗ್ಳು ಕಣವ್ವ," ದೀಪಿಕ ಅಳುತ್ತಿದ್ದಳು.

"ನಾನು ಕಣ್ಮುಚ್ಚೋದ್ರೊಳ್ಗೆ ನಿನ್ನ ಧಾರೆ ಆಗ್ಬೇಕು," ಎಂದ ಪುಟ್ಟಸ್ವಾಮಿ.

ದೇವಿರಮ್ಮ ಕೈಯಲ್ಲಿದ್ದ ಮೊರವನ್ನು ಧೊಪ್ಪನೆ ಇಟ್ಟಳು. "ಕಣ್ಮುಚ್ತೀರಿ ಅಂತ ಯಾರೇಳುದ್ರು? ಡಾಕ್ಟ್ರಾ, ನಿಮ್ಮಣ್ಣಾರಾ? ಹಸ ಮೇವು ಬಿಟ್ರೆ ಮದ್ದೂರಿಂದ ಡಾಕ್ಟ್ರನ್ನ ಕರುಸ್ತೀರಿ. ನಿಮ್ಮೊಟ್ಟೆಗೆ ಮಾತ್ರ ನಿಮ್ಮಣ್ಣನೇ ಡಾಕ್ಟ್ರು!"

ಅವಳೇ ಫೋನ್ ಮಾಡಿ ಆಶಾ ಕಾರ್ಯಕರ್ತೆ ರೂಪಳನ್ನು ಕರೆಸಿದಳು. ದೀಪಿಕ ಕಳಿಸಿದ ರಿಪೋರ್ಟಿನ ಫೋಟೋವನ್ನು ರೂಪ ಡಾಕ್ಟರಿಗೆ ಕಳಿಸಿ, ಕೇಳಿ ತಿಳಿದುಕೊಂಡೇ ಬಂದಳು.

"ಮಾವ, ಕಬ್ಬಿನ ಕೂಳೆ ಕಾಲಿಗೆ ಚುಚ್ಚುದ್ರೆ ಎಲ್ಲೆಲ್ಲಿ ಊದ್ತದೆ?"

"ಪಾದ ಊದ್ತದೆ. ತೊಡೆಸಂದೀಲೂ ಗಂಟು ಕಟ್ತದೆ. ಅದ್ಯಾಕೀಗ?"

"ಆ ಗಂಟು ಕ್ಯಾನ್ಸರಾ?"

"ಥೂ, ಬುಡವ್ವ! ಗಾಯ ವಾಸಿಯಾದ್ರೆ ಅದೂ ಇಳೀತದೆ."

"ಹೊಟ್ಟೆಯೊಳಗಿನ ಗ್ರಂಥಿಗಳೂ ಹಂಗೇ ಊದ್ಬೋದು. ನರದ ಮೇಲಿನ ಪೊರೆಯಿಂದ ಬೆಳೆಯೋ ಒಂದು ಜಾತಿ ಗಡ್ಡೆ ಅದೆಯಂತೆ. ಹೆಚ್ಚಾಗಿ ಅದು ಕ್ಯಾನ್ಸರಲ್ಲ, ಆದ್ರೂ ಪಕ್ಕದ ಗ್ರಂಥಿ ಊದ್ತವೆ. ಕ್ಯಾನ್ಸರ್ ಇದ್ರೂ ಊದ್ತವೆ. ಯಾವ್ದು ಅಂತ ಬರೀ ಸ್ಕ್ಯಾನ್ ನೋಡಿ ಹೇಳಕ್ಕಾಗಲ್ಲ, ತೆಗೆದು ಪರೀಕ್ಷೆ ಮಾಡ್ಬೇಕು."

"ಕ್ಯಾನ್ಸರೇ ಆಗಿದ್ರೆ?"

"ಬೇಗ ಗೊತ್ತಾದಷ್ಟೂ ಚಿಕಿತ್ಸೆ ಸಲೀಸು. ಕತ್ತರಿ ಮುಟ್ಟಿದ್ರೆ ಹಬ್ತದೆ ಅಂತ ಹೆದರ್ಕಂಡು ಕೂತ್ರೆ ಗಡ್ಡೆ ಬೆಳೀತದೆ, ಅಷ್ಟೇ."

"ಹಂಗಾರೆ ತೆಗುಸ್ಬುಡನ," ಎಂದ ಪುಟ್ಟಸ್ವಾಮಿ. ದೇವಿರಮ್ಮ ಅವನ ಕೈಗೆ ಫೋನಿಟ್ಟಳು. "ಮೊದ್ಲು ದುದ್ದದವ್ರಿಗೆ ಬರ್ಬೇಡಿ ಅನ್ನಿ."

ಅವನು ನಂಬರು ಒತ್ತಿದ. "ಮಗ್ಳ ಓದು ಮುಗೀಲಿ ಸ್ವಾಮಿ, ಆಮೇಕೆ ನೋಡನ," ಎಂದ. ದೀಪಿಕ ಕಣ್ಣೊರೆಸಿಕೊಂಡು ಪುಸ್ತಕ ತೆಗೆದಳು.

ಆಪರೇಷನ್ ಆಯಿತು. ಎರಡು ವಾರಕ್ಕೆ ಫಲಿತಾಂಶ ಬಂತು: ನರದ ಪೊರೆಯ ಗಡ್ಡೆ, ಕ್ಯಾನ್ಸರಲ್ಲ. ಗ್ರಂಥಿಗಳು ಬರೀ ಊದಿಕೊಂಡಿದ್ದವು.

"ನಾನು ಅವಾಗ್ಲೇ ಅಂದ್ಕಂಡಿದ್ದೆ ಕಣ್ಲಾ," ಎಂದ ಚಿಕ್ಕಬೋರಯ್ಯ. ದೇವಿರಮ್ಮ ತಲೆ ಚಚ್ಚಿಕೊಂಡು ಅವನಿಗೂ ಒಂದು ಲೋಟ ಕಾಫಿ ತಂದಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ಮಲ ಕಪ್ಪಗೆ ಹೋದರೆ, ಹೊಟ್ಟೆನೋವು ಬಿಡದಿದ್ದರೆ, ಸುಮ್ಮಸುಮ್ಮನೆ ಸುಸ್ತಾದರೆ ಮುಚ್ಚಿಡಬೇಡಿ. ಗ್ರಂಥಿ ಊದಿದೆ ಎಂದ ಕೂಡಲೇ ಎಲ್ಲ ಮುಗಿಯಿತೆಂದು ಎದೆಗುಂದಬೇಡಿ. ತಾನಾಗಿ ಇಳಿಯುತ್ತದೆಂದು ಸುಮ್ಮನೆ ಕೂರಲೂಬೇಡಿ. ಹೆದರಿ ಪೆಟ್ಟಿಗೆಯಲ್ಲಿಟ್ಟ ರಿಪೋರ್ಟು ನಿಮ್ಮ ಮನೆಯಲ್ಲಿದ್ದರೆ, ಇವತ್ತೇ ಅದನ್ನು ಡಾಕ್ಟರ ಮುಂದಿಡಿ.