ನಾನೂರ ಹನ್ನೆರಡನೇ ವೋಟು

"ಕ್ರಮಸಂಖ್ಯೆ ನಾನೂರ ಹನ್ನೆರಡು. ಲಕ್ಷ್ಮೀನರಸಮ್ಮ."

ಮೊದಲ ಮೇಜಿನವನು ಗಟ್ಟಿಯಾಗಿ ಓದಿದ. ಗೋಡೆಬದಿಯ ಬೆಂಚಿನಲ್ಲಿ ಮತದಾರರ ಪಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಬೂತ್ ಏಜೆಂಟ್ ರಾಮಾಂಜಿನಪ್ಪನ ಪೆನ್ನು ಅಭ್ಯಾಸದಂತೆ ಆ ಸಾಲಿಗೆ ಹೋಗಿ ಅಲ್ಲೇ ನಿಂತಿತು. ಅದು ಅವನ ತಾಯಿಯ ಹೆಸರು. ತಾಯಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು.

ಅವನು ತಲೆಯೆತ್ತಿದ. ಮೇಜಿನ ಮುಂದೆ ಅರವತ್ತೈದು ದಾಟಿದ ಒಬ್ಬ ಹೆಂಗಸು ನಿಂತಿದ್ದಳು. ಸಣಕಲು ಮೈ, ಸೋಪು ಹಾಕಿ ತಿಕ್ಕಿದರೂ ಹೋಗದ ಸೊಪ್ಪಿನ ಕರೆಯ ಬೆರಳು. ಹಿಪ್ಪುನೇರಳೆ ಕೊಯ್ಯುವ ಕೂಲಿಯವಳೆಂದು ಆ ಬೆರಳುಗಳೇ ಹೇಳುತ್ತಿದ್ದವು. ಈ ಊರಿನವಳಲ್ಲ. ಆದರೆ ಅವಳ ಕೈಯಲ್ಲಿದ್ದ ಗುರುತಿನ ಚೀಟಿ ಮಾತ್ರ ಇವನ ಮನೆಯದೇ. ಒಂದು ಮೂಲೆ ಸುಟ್ಟು ಮುದುರಿದ್ದನ್ನು ಅವನು ಇಲ್ಲಿಂದಲೇ ಗುರುತು ಹಿಡಿದ. ಯಾವುದೋ ಶನಿವಾರ ಅಮ್ಮ ದೇವರ ದೀಪದ ಪಕ್ಕ ಇಟ್ಟು ಮರೆತದ್ದು.

ಆ ಚೀಟಿಯನ್ನು ಕೊಟ್ಟವನು ಅವನೇ.

ಇಪ್ಪತ್ತು ದಿನದ ಹಿಂದೆ ಊರಿನ ಇನ್ನೊಂದು ಪಕ್ಷದ ಮುಖಂಡ ಬಯ್ಯಪ್ಪ ಮನೆಬಾಗಿಲಿಗೆ ಬಂದಿದ್ದ. "ನಿಮ್ಮಮ್ಮನ ಹೆಸ್ರು ಇನ್ನೂ ಲಿಸ್ಟಲ್ಲೇ ಐತೆ ಕಣಪ್ಪ. ಕಾರ್ಡ್ ಕೊಡು, ತೆಗೆಸಿಬಿಡ್ತೀನಿ. ನೀನ್ಯಾಕೆ ಅಲೀತೀಯ" ಅಂದಿದ್ದ. ಊರಿನ ಸತ್ತವರನ್ನೆಲ್ಲ ಪ್ರತಿವರ್ಷ ಪಟ್ಟಿಯಿಂದ ಹೊಡೆದುಹಾಕಿಸುತ್ತಿದ್ದವನು ರಾಮಾಂಜಿನಪ್ಪನೇ. ಅಮ್ಮನ ಹೆಸರು ಬಂದಾಗ ಮಾತ್ರ ಅರ್ಜಿ ಬರೆಯಲು ಕೈ ಬರಲಿಲ್ಲ. ನಾಳೆ ಬರೆದರಾಯಿತು ಎಂದುಕೊಂಡೇ ಒಂಬತ್ತು ತಿಂಗಳು ಕಳೆದಿದ್ದ. ಬಯ್ಯಪ್ಪ ಕೇಳಿದಾಗ ಒಳಗೊಳಗೇ ಹಗುರಾಗಿ ಚೀಟಿ ತಂದುಕೊಟ್ಟ. ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಟ್ಟ ಹಾಗೆ.

ಈ ಊರಿನಲ್ಲಿ ರಾಮಾಂಜಿನಪ್ಪನ ಪಕ್ಷಕ್ಕೂ ಬಯ್ಯಪ್ಪನ ಪಕ್ಷಕ್ಕೂ ಮೂವತ್ತು ವರ್ಷದಿಂದ ಎಣ್ಣೆ ಸೀಗೇಕಾಯಿ. ಒಮ್ಮೆ ಸೋತ ಸಿಟ್ಟಿಗೆ ಬಯ್ಯಪ್ಪ ಇವರ ಬೀದಿಯ ನಲ್ಲಿ ನೀರನ್ನೇ ಆರು ತಿಂಗಳು ನಿಲ್ಲಿಸಿದ್ದ. ಆರು ತಿಂಗಳೂ ಲಕ್ಷ್ಮೀನರಸಮ್ಮ ತೋಟದ ಬಾವಿಯಿಂದ ಬಿಂದಿಗೆ ಹೊತ್ತಳು. ಸಾಯುವವರೆಗೂ ಅವನನ್ನು ಕಂಡರೆ ಬೀದಿಯ ಆ ಬದಿಗೆ ದಾಟಿಕೊಳ್ಳುತ್ತಿದ್ದಳು. ಈ ಸಲ ಬೆಂಗಳೂರಿನಲ್ಲಿ ದೊಡ್ಡವರು ಮೈತ್ರಿ ಮಾಡಿಕೊಂಡು ಈ ಕ್ಷೇತ್ರವನ್ನು ಬಯ್ಯಪ್ಪನ ಪಕ್ಷಕ್ಕೆ ಬಿಟ್ಟುಕೊಟ್ಟರು. ಹೀಗಾಗಿ ರಾಮಾಂಜಿನಪ್ಪ ಈಗ ಬಯ್ಯಪ್ಪನ ಪಕ್ಷದ ಅಭ್ಯರ್ಥಿಯ ಏಜೆಂಟ್. ಹಾರ ಬದಲಾಯಿಸಿಕೊಂಡು ಫೋಟೋ ತೆಗೆಸಿಕೊಂಡವರು ಅವರು, ಸಂಸಾರ ಮಾಡಬೇಕಾದವರು ಇವರು. "ಬೂತಲ್ಲಿ ಬಯ್ಯಪ್ಪನೋರು ಹೇಳ್ದಂಗೆ ನಡ್ಕೋ. ಒಂದು ವೋಟು ಹೆಚ್ಚುಕಮ್ಮಿಯಾದ್ರೂ ಪಾರ್ಟೀಲಿ ನಿಂಗೆ ಜಾಗ ಇಲ್ಲ" ಎಂದು ತಾಲ್ಲೂಕಿನ ಮುಖಂಡರು ಇವನಿಗೆ ನೇರವಾಗಿಯೇ ಹೇಳಿದ್ದರು.

ಇದನ್ನು ಸಹಿಸದೆ ಎದುರಿನ ಮೈತ್ರಿಗೆ ಹೋದವನು ಪಿಳ್ಳಪ್ಪ. ಮೂವತ್ತು ವರ್ಷ ಇವನ ಜೊತೆ ಒಂದೇ ಬಾವುಟ ಕಟ್ಟಿದವನು, ಅಮ್ಮನ ಚಟ್ಟಕ್ಕೆ ಹೆಗಲು ಕೊಟ್ಟವನು, ಈಗ ಅದೇ ಬೆಂಚಿನ ಆ ತುದಿಯಲ್ಲಿ ಎದುರಾಳಿಯ ಏಜೆಂಟನಾಗಿ ಕೂತಿದ್ದ. ಬೆಳಗಿನಿಂದ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಮೇಜಿನವನು ಚೀಟಿಯ ಮಸುಕು ಫೋಟೋವನ್ನೂ ಹೆಂಗಸಿನ ಮುಖವನ್ನೂ ಎರಡೆರಡು ಸಲ ನೋಡಿದ. "ಗಂಡನ ಹೆಸರೇನಮ್ಮ?"

"ಮುನಿವೆಂಕಟಪ್ಪ" ಎಂದಳು ಅವಳು, ಶಾಲೆಯ ಮಗು ಮಗ್ಗಿ ಒಪ್ಪಿಸಿದಂತೆ, ತಡವರಿಸದೆ.

ಪಿಳ್ಳಪ್ಪ ಪಟ್ಟಿಯಿಂದ ಕಣ್ಣೆತ್ತಿದ. ಬಾಗಿಲ ಬಳಿ ಸಾಲಿನಲ್ಲಿದ್ದ ಊರಿನ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಕ್ಷ್ಮೀನರಸಮ್ಮ ಈ ಕೋಣೆಗೆ ಬಂದ ಯಾವ ಚುನಾವಣೆಯಲ್ಲೂ ಗಂಡನ ಹೆಸರು ಹೇಳಿದವಳಲ್ಲ. ಕೇಳಿದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಏಜೆಂಟರ ಬೆಂಚಿನ ಕಡೆ ಗದ್ದ ತೋರಿಸುತ್ತಿದ್ದಳು. ಬೆಂಚಿನಲ್ಲಿ ಯಾರಿದ್ದರೋ ಅವರು ಹೇಳುತ್ತಿದ್ದರು. ಪಿಳ್ಳಪ್ಪ ಎಷ್ಟೋ ಸಲ ಹೇಳಿದ್ದ. ಒಮ್ಮೆ ಬಯ್ಯಪ್ಪನ ಕಡೆಯವನೇ ಹೇಳಿದ್ದ. ಗಂಡ ಸತ್ತು ಹನ್ನೆರಡು ವರ್ಷವಾದ ಮೇಲೂ ಅವಳ ಬಾಯಿಂದ ಆ ಹೆಸರು ಹೊರಡಲಿಲ್ಲ.

ಕೋಣೆ ಸುಮ್ಮನಾದದ್ದನ್ನು ಗಮನಿಸಿ ಮತಗಟ್ಟೆಯ ಅಧಿಕಾರಿ ಎದ್ದು ಬಂದರು. ಗೌರಿಬಿದನೂರಿನಿಂದ ಡ್ಯೂಟಿಗೆ ಬಂದಿದ್ದ ಮೇಡಂ. ಬೆಳಗಿನ ಜಾವದಿಂದ ಕೂತು ಕಣ್ಣು ಕೆಂಪಾಗಿತ್ತು.

"ಏಜೆಂಟ್ರೇ, ಏನಾದ್ರೂ ಆಕ್ಷೇಪಣೆ ಇದೆಯಾ? ಇದ್ರೆ ಎರಡು ರೂಪಾಯಿ ಕಟ್ಟಿ ಹೇಳಿ, ವಿಚಾರಣೆ ಮಾಡ್ತೀನಿ. ಸುಳ್ಳು ವೋಟು ಅಂತ ಸಾಬೀತಾದ್ರೆ ಇವ್ರನ್ನ ಪೊಲೀಸ್‌ನೋರಿಗೆ ಒಪ್ಪಿಸ್ಬೇಕಾಗುತ್ತೆ. ಇಲ್ಲಾಂದ್ರೆ ಇಂಕ್ ಹಾಕಿ ಕಳಿಸ್ತೀವಿ."

ಪೊಲೀಸ್ ಎಂದದ್ದು ಕೇಳಿ ಆ ಹೆಂಗಸು ಕಿಟಕಿಯ ಕಡೆ ನೋಡಿದಳು. ಹೊರಗೆ ಸುಣ್ಣದ ಗೆರೆಯ ಆಚೆ, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಯ್ಯಪ್ಪನ ಬಿಳಿ ಅಂಗಿ ಕಾಣುತ್ತಿತ್ತು.

ಪಿಳ್ಳಪ್ಪ ಜೇಬಿಗೆ ಕೈ ಹಾಕಿ ಎರಡು ರೂಪಾಯಿಯ ನಾಣ್ಯ ತೆಗೆದ. ಮೇಡಂಗೆ ಕೊಡಲಿಲ್ಲ. ಬೆಂಚಿನ ಮೇಲೆ, ಇಬ್ಬರ ನಡುವೆ ಇಟ್ಟ.

"ನಿಮ್ಮಮ್ಮ ಕಣಯ್ಯ" ಎಂದ ತಗ್ಗಿದ ದನಿಯಲ್ಲಿ. "ನೀನೇ ಹೇಳು. ನೀನು ಇವ್ರೇ ಹೌದು ಅಂದ್ರೆ ನಾನೂ ಹೌದು ಅಂತೀನಿ."

ಬೈದಿದ್ದರೆ ಆಗುತ್ತಿತ್ತು, ಕೂಗಾಡಿದ್ದರೂ ಆಗುತ್ತಿತ್ತು. ಪಿಳ್ಳಪ್ಪ ಹೀಗೆ ಬಿಟ್ಟುಕೊಟ್ಟದ್ದು ರಾಮಾಂಜಿನಪ್ಪನಿಗೆ ಅದಕ್ಕಿಂತ ಕಷ್ಟವಾಯಿತು. ಸುಮ್ಮನಿದ್ದರೆ ಅಮ್ಮ, ಸತ್ತ ಮೇಲೆ ಬಯ್ಯಪ್ಪನಿಗೆ ವೋಟು ಹಾಕುತ್ತಾಳೆ. ಬಾಯಿಬಿಟ್ಟರೆ ಪಕ್ಷ ಹೋಗುತ್ತದೆ, ಅದು ಹೋಗಲಿ, ಕೂಲಿ ಬಿಟ್ಟು ಬಂದ ಈ ಮುದುಕಿ ಜೀಪು ಹತ್ತುತ್ತಾಳೆ. ಅವನಿಗೆ ನಾಚಿಕೆಯಾಯಿತು. ಬಯ್ಯಪ್ಪನ ಮೇಲಿನ ಸಿಟ್ಟಿಗಿಂತ ಆ ನಾಚಿಕೆಯೇ ದೊಡ್ಡದಾಗಿತ್ತು.

"ಬೇಗ ಹೇಳಿ, ಕ್ಯೂ ನಿಂತಿದೆ" ಎಂದರು ಮೇಡಂ. ಇಂಕಿನವನು ಆಗಲೇ ಬಾಟಲಿಯ ಮುಚ್ಚಳ ತೆಗೆದಿದ್ದ.

ರಾಮಾಂಜಿನಪ್ಪ ನಾಣ್ಯ ಮುಟ್ಟದೆ ಎದ್ದು ನಿಂತ.

"ಅಮ್ಮಾ, ನಿಮ್ಮ ಮಗನ ಹೆಸ್ರೇನು?"

ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತುಟಿ ಅಲುಗಿತು. ಕಿಟಕಿ ನೋಡಿದಳು, ಮೇಡಂನ ನೋಡಿದಳು, ಕೊನೆಗೆ ಕೇಳಿದವನ ಮುಖವನ್ನೇ ನೋಡಿದಳು.

"ನಂಗೆ ಗಂಡುಮಕ್ಕಳಿಲ್ಲ ನಾಯನಾ" ಎಂದಳು. "ಎರಡೂ ಹೆಣ್ಣೇ."

"ಮೇಡಂ, ನಾನೂರ ಹನ್ನೆರಡು ನಮ್ಮಮ್ಮ. ಹೋದ ಶ್ರಾವಣದಲ್ಲಿ ತೀರ್ಕೊಂಡ್ರು" ಎಂದ ರಾಮಾಂಜಿನಪ್ಪ. ದನಿ ಅವನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಇವ್ರಿಗೇನೂ ಗೊತ್ತಿಲ್ಲ. ಇನ್ನೂ ಸೈನೂ ಹಾಕಿಲ್ಲ, ಇಂಕೂ ಹಾಕಿಲ್ಲ. ಕಳಿಸ್ಬಿಡಿ."

"ಗೊತ್ತಿಲ್ದೇ ಈ ಕಾರ್ಡ್ ಹೆಂಗೆ ಸಿಕ್ತು ಇವ್ರಿಗೆ?"

"ಅದು ನನ್ನ ಹತ್ರ ಇತ್ತು. ಕೈಬಿಟ್ಟೋನು ನಾನೇ. ಕೇಸ್ ಹಾಕೋದಿದ್ರೆ ನನ್ನ ಮೇಲೆ ಹಾಕಿ."

ಮೇಡಂ ಅವನನ್ನೂ ಬೆಂಚಿನ ಮೇಲಿದ್ದ ನಾಣ್ಯವನ್ನೂ ನೋಡಿದರು. ಪಿಳ್ಳಪ್ಪ ನಿಧಾನವಾಗಿ ನಾಣ್ಯ ಎತ್ತಿ ಜೇಬಿಗೆ ಹಾಕಿಕೊಂಡ. "ನಂದೇನೂ ಆಕ್ಷೇಪಣೆ ಇಲ್ಲ ಮೇಡಂ. ಅವ್ರು ವೋಟೇ ಹಾಕ್ಲಿಲ್ವಲ್ಲ" ಎಂದ.

ಮೇಡಂ ಚೀಟಿಯನ್ನು ತಮ್ಮ ಫೈಲಿಗೆ ಸೇರಿಸಿಕೊಂಡು, "ಹೋಗಮ್ಮ ನೀನು, ಮತ್ತೆ ಈ ಕಡೆ ಬರ್ಬೇಡ" ಎಂದರು. ರಾಮಾಂಜಿನಪ್ಪನ ಕಡೆ ತಿರುಗಿ, "ನೀವು ಇದನ್ನ ಬರ್ದು ಕೊಡ್ಬೇಕು" ಎಂದರು. ಅವನು ಬರೆದುಕೊಟ್ಟ. ಬೆಂಚಿಗೆ ಬಂದು ತನ್ನ ಪಟ್ಟಿಯಲ್ಲಿ ನಾನೂರ ಹನ್ನೆರಡರ ಮೇಲೆ ಗೆರೆ ಎಳೆದ. ಒಂದೇ ಗೆರೆ, ಹೆಸರು ಕಾಣುವಷ್ಟು ತೆಳ್ಳಗೆ.

ಸುದ್ದಿ ಹೊರಗೆ ಹೋಗಲು ಎಷ್ಟು ಹೊತ್ತು. ಕಾಲುಗಂಟೆಯೊಳಗೆ ಬದಲಿ ಏಜೆಂಟನ ಫಾರಂ ಹಿಡಿದುಕೊಂಡು ಬಯ್ಯಪ್ಪನ ತಮ್ಮನ ಮಗ ಜಗನ್ ಬಾಗಿಲಲ್ಲಿ ನಿಂತಿದ್ದ.

"ಎದ್ದು ಬರ್ಬೇಕಂತೆ ಅಣ್ಣ."

"ಬಂದೆ ಬಿಡಪ್ಪ" ಎಂದು ಅವನು ಎದೆಯ ಬ್ಯಾಡ್ಜ್ ಬಿಚ್ಚಿ ಬೆಂಚಿನ ಮೇಲಿಟ್ಟ. ಪಿಳ್ಳಪ್ಪ ಕಾಲು ಮಡಿಚಿಕೊಂಡು ದಾರಿ ಬಿಟ್ಟ.

ಸುಣ್ಣದ ಗೆರೆ ದಾಟುವಾಗ ಬಯ್ಯಪ್ಪ ಕುರ್ಚಿಯಿಂದ ಏಳಲಿಲ್ಲ.

"ಎದುರಿಗಿದ್ದಾಗ್ಲೇ ವಾಸಿಯಾಗಿದ್ದೆ ಕಣೋ ನೀನು. ಸಾಯಂಕಾಲ ಮಾತಾಡಣ."

ರಾಮಾಂಜಿನಪ್ಪ ಬೈಕಿನ ಕಡೆ ನಡೆದ.

ಹೊಂಗೆಮರದ ಕೆಳಗೆ ಆ ಹೆಂಗಸು ಒಬ್ಬಳೇ ಕೂತಿದ್ದಳು. ಅವಳನ್ನು ಕರೆತಂದಿದ್ದ ಆಟೋ ಅಲ್ಲಿರಲಿಲ್ಲ. ಕೆಲಸಕ್ಕೆ ಬಾರದವಳನ್ನು ವಾಪಸು ಬಿಡಲು ಯಾರಿಗೆ ಪುರುಸೊತ್ತು. ಅವನನ್ನು ಕಂಡು ಅವಳು ಗಡಬಡಿಸಿ ಏಳಹೋದಳು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಯಾವೂರು ನಿಮ್ದು?"

"ಕೈವಾರದ ಹತ್ರಪ್ಪ. ಸೊಪ್ಪು ಕುಯ್ಯೋಕೆ ಬರ್ತೀನಿ ಅವ್ರ ತೋಟಕ್ಕೆ. ಹೇಳಿಕೊಟ್ಟಂಗೆ ಹೇಳ್ದೆ, ತಪ್ಪಾಯ್ತು" ಎಂದಳು. "ಜೀಪು ಬರುತ್ತಾ ನಾಯನಾ?"

"ಯಾವ ಜೀಪೂ ಬರಲ್ಲ. ಕೆಂಚಾರ್ಲಹಳ್ಳಿಗಂಟ ಬಿಡ್ತೀನಿ, ಬಸ್ಸು ಸಿಗುತ್ತೆ. ಮನೇಲಿ ಕಾಯ್ತಿರ್ತಾರಲ್ಲ, ಒಂದು ಫೋನ್ ಮಾಡಿ ಹೇಳ್ತೀನಿ."

ಅವಳು ಸೊಂಟದ ಚೀಲದಿಂದ ನಂಬರು ಬರೆದ ಕಾಗದದ ಚೂರು ತೆಗೆದುಕೊಟ್ಟಳು. "ಪಕ್ಕದ ಮನೆಯೋರ್ದು. ಕರ್ದು ಕೊಡ್ತಾರೆ."

"ಯಾರನ್ನ ಕರೀಬೇಕು ಅಂತ ಹೇಳ್ಲಿ? ನಿಮ್ಮ ಯಜಮಾನ್ರ ಹೆಸ್ರೇನಮ್ಮ?"

ಅವಳು ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಹೇಳುವವರು ಯಾರಾದರೂ ಇದ್ದಾರೇನೋ ಎಂಬಂತೆ ಆ ಕಡೆ ಈ ಕಡೆ ನೋಡಿದಳು.